ಸಿಇಟಿ ಆಪ್ಷನ್ ಎಂಟ್ರಿ: ಯಾವ ಕಾಲೇಜು ಮೇಲೆ, ಯಾವುದು ಕೆಳಗೆ?

ಪ್ರಶ್ನೆ: ಮಗಳಿಗೆ ಸಿಇಟಿ ಎಂಜಿನಿಯರಿಂಗ್‌ನಲ್ಲಿ 22 ಸಾವಿರದ ಆಸುಪಾಸು ರ್‍ಯಾಂಕ್ ಬಂದಿದೆ. 2ಎ, ಗ್ರಾಮೀಣ ಮೀಸಲಾತಿ ಇದೆ. ಕಂಪ್ಯೂಟರ್ ಸೈನ್ಸ್, ಇಲ್ಲದಿದ್ದರೆ ಇಸಿ (ಎಲೆಕ್ಟ್ರಾನಿಕ್ಸ್) ಬೇಕಂತೆ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯಲ್ಲಿ, ಸಿಗುವಂಥ ಕಾಲೇಜನ್ನೇ ಮೊದಲು ಹಾಕಬೇಕಾ? ಎಷ್ಟು ಹಾಕಬೇಕು?

ಉತ್ತರ: ಬೇಡ ಸರ್, ಬಹಳ ಜನ ಎಡವುವುದು ಇಲ್ಲೇ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಾಫ್ಟ್‌ವೇರ್ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ನೋಡುತ್ತಾ ಬಂದು, ಸೀಟು ಉಳಿದಿರುವ ಮೊದಲ ಆಪ್ಷನ್ನೇ ಕೊಟ್ಟುಬಿಡುತ್ತದೆ. ಸಿಗದ ಕಾಲೇಜು ಮೇಲಿದ್ದರೆ ನಷ್ಟವೇನಿಲ್ಲ, ಮುಂದಿನದಕ್ಕೆ ಹೋಗುತ್ತದೆ ಅಷ್ಟೆ. ಸುಲಭಕ್ಕೆ ಸಿಗುವುದನ್ನು 3ನೆಯದಾಗಿ ಹಾಕಿದಿರೋ, 4ರಿಂದ ಕೆಳಗಿನದೆಲ್ಲ ದಂಡ. ಕ್ರಮಕ್ಕೆ ಅವಳ ಇಷ್ಟವನ್ನಷ್ಟೇ ನೋಡಿ. ಪಟ್ಟಿ ಎಲ್ಲಿಯವರೆಗೆ ಇಳಿಯಬೇಕು ಅನ್ನುವುದಕ್ಕೆ ಮಾತ್ರ ರ್‍ಯಾಂಕಿನ ಲೆಕ್ಕ ಬೇಕು.

ಕಟಾಫ್ ಅಂದರೆ ಆ ಕಾಲೇಜಿನ ಕೊನೆಯ ಸೀಟು ಸಿಕ್ಕ ರ್‍ಯಾಂಕ್. ಕಳೆದ ವರ್ಷದ ಕಟಾಫ್‌ನಲ್ಲಿ ಜಿಎಂ (ಸಾಮಾನ್ಯ) ಕಾಲಂ ಒಂದನ್ನೇ ನೋಡಬೇಡಿ. ನಿಮಗೆ ಜಿಎಂ, ಜಿಎಂಆರ್ (ಸಾಮಾನ್ಯ ಗ್ರಾಮೀಣ), 2ಎಜಿ (2ಎ ಸಾಮಾನ್ಯ), 2ಎಆರ್ (2ಎ ಗ್ರಾಮೀಣ) ನಾಲ್ಕೂ ಅನ್ವಯಿಸುತ್ತವೆ. ಅವುಗಳಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದಕ್ಕೆ ರ್‍ಯಾಂಕ್ ಹೋಲಿಸಿ. ಅದು 18 ಸಾವಿರಕ್ಕೆ ನಿಂತಿದ್ದರೂ ಹಾಕಿ. 25 ಇದ್ದರೆ ಸಿಗಬಹುದು. 40 ದಾಟಿದವು ನಾಲ್ಕೈದಾದರೂ ಕೊನೆಯಲ್ಲಿರಲಿ, ಆದರೆ ಸಿಕ್ಕರೆ ಸೇರುವಂಥವೇ ಆಗಿರಲಿ. ಆಪ್ಷನ್ ಎಷ್ಟು ಬೇಕಾದರೂ ಹಾಕಬಹುದು.

ಉತ್ತರ: ಮೇಲಿನವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಕಟಾಫ್ ಯಾವ ಸುತ್ತಿನದು ಅಂತ ನೋಡಿಕೊಳ್ಳಿ. ನಿಜವಾದ ಸುತ್ತಿಗೆ ಮೊದಲು ಪ್ರಯೋಗಕ್ಕೆ ಮಾಡುವ ಅಣಕು ಹಂಚಿಕೆಯಲ್ಲಿ ಎನ್‌ಐಟಿಗೋ ಖಾಸಗಿ ಕಾಲೇಜುಗಳ ಪ್ರತ್ಯೇಕ ಪರೀಕ್ಷೆಯಾದ ಕಾಮೆಡ್‌ಕೆ ಸೀಟಿಗೋ ಹೋಗುವವರೂ ಇರುತ್ತಾರೆ, ಹಾಗಾಗಿ ಬಿಗಿಯಾಗಿ ಕಾಣುತ್ತದೆ. ಅವರು ಬಿಟ್ಟುಹೋದಂತೆ ಸಡಿಲವಾಗುತ್ತದೆ. ಅಣಕು ಫಲಿತಾಂಶ ನೋಡಿ ಗಾಬರಿಯಲ್ಲಿ ಮೇಲಿನವನ್ನು ಅಳಿಸಬೇಡಿ. ವೆರಿಫಿಕೇಷನ್ ಸ್ಲಿಪ್‌ನಲ್ಲಿ ಗ್ರಾಮೀಣ ಕ್ಲೇಮ್ ಬಂದಿದೆಯಾ ಅಂತಲೂ ನೋಡಿ. 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇಲ್ಲದೆ ಕ್ಲೇಮ್ ಬಿದ್ದುಹೋದರೆ, ಆರ್ ಕಾಲಂಗಳ ಲೆಕ್ಕವೆಲ್ಲ ವ್ಯರ್ಥ.

ಉತ್ತರ: ಬಿಎಂಎಸ್, ಮೈಸೂರಿನ ಎನ್‌ಐಇಯಂಥ ಹಳೆಯ ಕಾಲೇಜುಗಳಲ್ಲಿ ಅನುದಾನಿತ, ಅನುದಾನರಹಿತ ಸೀಟು ಬೇರೆ ಬೇರೆ. ಪಾಠ ಒಂದೇ, ಅನುದಾನಿತದ ಫೀಸು ಕಡಿಮೆ. ಬೇಕಾದ ಕೋರ್ಸ್ ಎರಡರಲ್ಲೂ ಇದ್ದರೆ ಅನುದಾನಿತ ಮೇಲೆ, ಇನ್ನೊಂದು ಅದರ ಕೆಳಗೇ. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಕೊಡುವುದು. ಎನ್‌ಬಿಎ ಮಾನ್ಯತೆ ಕೋರ್ಸಿಗೆ. ಕಂಪ್ಯೂಟರ್ ಸೈನ್ಸ್‌ಗೂ ಇಸಿಗೂ ಎನ್‌ಬಿಎ ಇದೆಯಾ ಅಂತ ಬೇರೆ ಬೇರೆಯಾಗಿ ನೋಡಬೇಕು.

ಉತ್ತರ: ಸೀಟು ಬಂದ ಮೇಲೆ ಚಾಯ್ಸ್ 2 (ಈ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು) ಒತ್ತುವ ಮುನ್ನ ಒಂದು ಮಾತು. ಮೇಲಿನ ಆಪ್ಷನ್ ಸಿಕ್ಕರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದು, ವಾಪಸ್ ಕೇಳುವಂತಿಲ್ಲ. ಈಗಿನ ಸೀಟಿಗಿಂತ ನಿಜಕ್ಕೂ ಬೇಕು ಅನ್ನಿಸದಿದ್ದುದು ಮೇಲೆ ಒಂದೂ ಇರಬಾರದು. ಮೇಲಿನದು ಯಾವುದೂ ಬೇಡ ಅಂದರೆ ಚಾಯ್ಸ್ 1 ಕೊಟ್ಟು ಫೀಸು ಕಟ್ಟಿ ಸೇರಿಬಿಡಿ.