ಓದುಗರ ಸ್ಪಂದನ: ‘ಲಾಭದ ದುಡ್ಡು ತಾನೇ, ಹೋದರೆ ಹೋಗಲಿ’

ಕಳೆದ ಸಂಚಿಕೆಯ ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಮದುವೆಗೆಂದು ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ) 60,000 ರೂಪಾಯಿ ಇದೆ, ಅದನ್ನು ಮುಟ್ಟುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲೂ ಅಷ್ಟೇ ಬಾಕಿ ಇದೆ, ತಿಂಗಳಿಗೆ 3,000 ಕಟ್ಟುತ್ತೇನೆ. ಷೇರಿನಲ್ಲಿ ಬಂದ ಲಾಭವನ್ನು ಆಪ್ಷನ್ಸ್‌ಗೆ (ಷೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಲೆಕ್ಕಹಾಕಿ ಮಾಡುವ ಅಪಾಯದ ವಹಿವಾಟು) ಹಾಕಿ ಕಳೆದುಕೊಂಡೆ. ಈಗ ಬೋನಸ್ ಬರಲಿದೆ. ಅದನ್ನೂ ಹಾಕಲೇ?

ಮೊದಲು ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ನೋಡಿ. ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಂಡರೆ 60,000ಕ್ಕೆ 2,100 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 378. ನೀವು ಕಟ್ಟುವ 3,000ದಲ್ಲಿ ಅಸಲಿಗೆ ಹೋಗುವುದು ಬರೀ 522! ಇತ್ತ ಆರ್‌ಡಿಗೆ ಶೇ 6.5 ಬಡ್ಡಿ ಅಂದುಕೊಂಡರೂ ತಿಂಗಳಿಗೆ ಬರುವುದು 325. ಎರಡೂ ನಿಮ್ಮದೇ ದುಡ್ಡು ಅಲ್ವಾ? ‘ಮದುವೆ ದುಡ್ಡು’ ಎಂಬ ಹೆಸರಿಗೆ ಕಟ್ಟುಬಿದ್ದು ತಿಂಗಳಿಗೆ ಎರಡು ಸಾವಿರ ಸುಮ್ನೆ ಕೊಡುತ್ತಿದ್ದೀರಿ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ ಇಂಥವರನ್ನು ಬಹಳ ನೋಡಿದ್ದೇನೆ. ಒಂದು ಕೈಯಲ್ಲಿ ಎಫ್‌ಡಿ ರಸೀದಿ, ಇನ್ನೊಂದರಲ್ಲಿ ಸಾಲದ ಅರ್ಜಿ. ಆರ್‌ಡಿ ಮುರಿಸಿ ಕಾರ್ಡ್ ತೀರಿಸಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಮುಂದಿನ ತಿಂಗಳಿಂದ ಅದೇ 3,000 ಹೊಸ ಆರ್‌ಡಿಗೆ ಕಟ್ಟಿ. 20 ತಿಂಗಳಿಗೆ 60,000 ಮತ್ತೆ ಕೂಡುತ್ತದೆ.
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ದುಡ್ಡಿಗೆ ಹೆಸರಿಡುವುದೇ ತಪ್ಪು ಎಂದು ಮಾತ್ರ ತಿಳಿಯಬೇಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ನಮ್ಮ ಕಡೆ ಪಿಗ್ಮಿ (ದಿನವೂ ಚಿಲ್ಲರೆ ಕಟ್ಟುವ ಉಳಿತಾಯ) ಶುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ. ಆ ಎರಡಾಣೆ ‘ಪಿಗ್ಮಿಯದು’ ಅಂತ ಬೇರೆ ಎತ್ತಿಟ್ಟಿದ್ದಕ್ಕೇ ಎಷ್ಟೋ ಮನೆಗಳಲ್ಲಿ ದುಡ್ಡು ಉಳಿಯಿತು. ಸಾಲ ತೀರಿದ ಮೇಲೆ ಮದುವೆಯ ಆರ್‌ಡಿಗೆ ಅದೇ ಹೆಸರಿಡಿ, ಖಂಡಿತ ಇಡಿ.
– ಗೃಹಿಣಿ, ಉಡುಪಿ

ನನಗೆ ಹೆಚ್ಚು ಭಯವಾಗಿದ್ದು ಆಪ್ಷನ್ಸ್ ವಿಷಯಕ್ಕೆ. ಸಂಬಳವನ್ನು ಎಣಿಸಿ ಖರ್ಚು ಮಾಡುವ ಹುಡುಗರೇ ಲಾಭ, ಬೋನಸ್ ಅಂದರೆ ಕೈ ಸಡಿಲ ಬಿಡುತ್ತಾರೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ತೋರಿಸಿದ್ದೂ ಇದನ್ನೇ: ಈಗಷ್ಟೇ ಗೆದ್ದ ದುಡ್ಡನ್ನು ಜನ ತಮ್ಮದೆಂದು ಭಾವಿಸುವುದಿಲ್ಲ, ಅದರಲ್ಲಿ ಜಾಸ್ತಿ ಅಪಾಯಕ್ಕೆ ಇಳಿಯುತ್ತಾರೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2024ರ ವರದಿ ನೋಡಿ. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಇದೂ ಅಂಥದ್ದೇ ವಹಿವಾಟು) ಮತ್ತು ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇ 93 ಮಂದಿಗೆ ನಷ್ಟ. ಹೀಗೆ ಇಳಿದವರಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತ್ತು. ಬೋನಸ್ ಕೂಡ ನೀವು ವರ್ಷವಿಡೀ ದುಡಿದದ್ದೇ. ಸಂಬಳದ ಖಾತೆಗೇ ಬರಲಿ. ಮೂರು ತಿಂಗಳ ಬಾಡಿಗೆ, ಊಟದ ಖರ್ಚಿಗೆ ಆಗುವಷ್ಟು ಅದರಲ್ಲಿ ತೆಗೆದಿಡಿ. ಮಿಕ್ಕಿದ್ದನ್ನು ಇಂಡೆಕ್ಸ್ ಫಂಡಿಗೆ (ಷೇರು ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳಲ್ಲೂ ಹಣ ಹಂಚಿ ಹಾಕುವ ಮ್ಯೂಚುವಲ್ ಫಂಡ್) ಹಾಕಿ. ಆಪ್ಷನ್ಸ್ ಆ್ಯಪನ್ನು ಬೋನಸ್ ಬರುವ ಮೊದಲೇ ಫೋನಿನಿಂದ ತೆಗೆದುಬಿಡಿ.
– ವಾಣಿಜ್ಯ ಉಪನ್ಯಾಸಕಿ, ಮೈಸೂರು