ವಿರೋಧದ ನಡುವೆ ಸಭೆ ಒಡೆಯದಂತೆ ಉಳಿಯುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ

ಕೇಳಿದವರು

ಕರ್ತನಲ್ಲಿ ಪ್ರಿಯರಾದವರಿಗೆ ವಂದನೆಗಳು. ನಮ್ಮದು ಸಣ್ಣ ಕ್ರೈಸ್ತ ಸಭೆ. ಕೆಲವು ತಿಂಗಳುಗಳಿಂದ ನಮ್ಮ ಆರಾಧನೆಗೆ ಸುತ್ತಮುತ್ತಲಿನವರ ವಿರೋಧ ಹೆಚ್ಚಾಗಿದೆ. ನಾವು ಕೂಡಿಬರುತ್ತಿದ್ದ ಕಟ್ಟಡವನ್ನು ಇನ್ನು ಕೊಡುವುದಿಲ್ಲ ಎಂದು ಅದರ ಮಾಲೀಕರು ಹೇಳಿದ್ದಾರೆ, ಕೆಲವು ವಿಶ್ವಾಸಿಗಳಿಗೆ ಸ್ವಂತ ಮನೆಯವರಿಂದಲೇ ಒತ್ತಡವಿದೆ. ಇಷ್ಟನ್ನು ಹೇಗೋ ತಾಳಿಕೊಳ್ಳುತ್ತಿದ್ದೇವೆ. ತಾಳಿಕೊಳ್ಳಲಾಗದಿರುವುದು ಒಳಗಿನ ಬಿರುಕು. ಸ್ವಲ್ಪ ಕಾಲ ಕೂಡಿಬರುವುದನ್ನೇ ನಿಲ್ಲಿಸೋಣ ಎಂದು ಕೆಲವರು ಹೇಳಿದರೆ, ಹಾಗೆ ಹೇಳುವವರ ನಂಬಿಕೆಯನ್ನೇ ಬೇರೆ ಕೆಲವರು ಪ್ರಶ್ನಿಸುತ್ತಾರೆ. ಮೂರು ಕುಟುಂಬಗಳು ಬರುವುದನ್ನು ಬಿಟ್ಟಿವೆ, ಅವರ ಬಗ್ಗೆ ಸಭೆಯಲ್ಲಿ ನಡೆಯುವ ಮಾತುಕತೆ ನನಗೆ ಸರಿ ಕಾಣುತ್ತಿಲ್ಲ. ಇಂಥ ಕಾಲವನ್ನು ದಾಟಿಬಂದವರು ಹೇಗೆ ಒಂದಾಗಿ ಉಳಿದಿರಿ, ಯಾವುದರಿಂದ ಸಹಾಯವಾಯಿತು, ಯಾವುದರಿಂದ ಆಗಲಿಲ್ಲ ಎಂಬುದನ್ನು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಸಭಾ ಹಿರಿಯರೊಬ್ಬರು

ಸಹೋದರರೇ, ವಿರೋಧ ಬಂದರೆ ಸಭೆ ತಾನಾಗಿಯೇ ಒಂದಾಗುತ್ತದೆ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ನಾನು ಕಂಡದ್ದು ಬೇರೆ. ಒಳ್ಳೆಯ ದಿನಗಳಲ್ಲಿ ಯಾರ ಯಾರ ನಡುವೆ ಮಾತು ನಿಂತುಹೋಗಿತ್ತೋ, ಕಷ್ಟ ಬಂದಾಗ ಅಲ್ಲಿಯೇ ಸಭೆ ಸೀಳಿತು. ವಿರೋಧವು ಹೊಸ ಜಗಳವನ್ನು ತಂದದ್ದಕ್ಕಿಂತ ಹಳೆಯ ಜಗಳಕ್ಕೆ ಭಕ್ತಿಯ ಭಾಷೆಯನ್ನು ಕೊಟ್ಟದ್ದೇ ಹೆಚ್ಚು.

ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿರಿ. ಮೊದಲನೆಯ ಅಧ್ಯಾಯದ ಕೊನೆಯಲ್ಲಿ, ವಿರೋಧಿಗಳಿಗೆ ಯಾವ ವಿಷಯದಲ್ಲಿಯೂ ಹೆದರದೆ ಒಂದೇ ಆತ್ಮದಲ್ಲಿ ದೃಢವಾಗಿ ನಿಲ್ಲಬೇಕೆಂದು ಹೇಳಿದವನೇ, ನಾಲ್ಕನೆಯ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ಹೆಸರು ಹಿಡಿದು, ಕರ್ತನಲ್ಲಿ ಒಂದೇ ಮನಸ್ಸುಳ್ಳವರಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಅವರು ದಾರಿ ತಪ್ಪಿದವರಲ್ಲ. ಸುವಾರ್ತೆಗಾಗಿ ಅವನ ಜೊತೆಯಲ್ಲಿ ದುಡಿದವರು. ನೀವಿಬ್ಬರೇ ಬಗೆಹರಿಸಿಕೊಳ್ಳಿ ಎಂದು ಬಿಡದೆ, ಅವರಿಗೆ ಸಹಾಯ ಮಾಡುವಂತೆ ಮೂರನೆಯವರೊಬ್ಬರನ್ನು ಕೇಳಿಕೊಳ್ಳುತ್ತಾನೆ. ನಿಮ್ಮ ಸಭೆಯಲ್ಲಿ ಎರಡೂ ಗುಂಪಿನವರು ನಂಬುವ ಅಂಥ ಮೂರನೆಯವರು ಯಾರು ಎಂಬುದನ್ನು ಮೊದಲು ಗುರುತಿಸಿರಿ. ಆ ವ್ಯಕ್ತಿ ಸಭಾಪಾಲಕರೇ ಆಗಿರಬೇಕಾಗಿಲ್ಲ. ನಮ್ಮಲ್ಲಿ ಅವರು ಮಾತು ಕಡಿಮೆಯ, ವಯಸ್ಸಾದ ಒಬ್ಬ ತಾಯಿಯಾಗಿದ್ದರು.

ಬರುವುದನ್ನು ಬಿಟ್ಟವರ ವಿಷಯ. ಅಂಥ ಒಂದು ಮನೆಗೆ ನಾನೂ ನನ್ನ ಹೆಂಡತಿಯೂ ಹೋದಾಗ, ಆ ಸಹೋದರರು ಬಾಗಿಲನ್ನು ಅರ್ಧ ತೆರೆದು ಹೇಳಿದ ಮೊದಲ ಮಾತು, “ಅಯ್ಯಾ, ಬೈಕನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಬೇಡಿ, ಗುರುತು ಹಿಡಿಯುತ್ತಾರೆ” ಎಂಬುದು. ನಾನು ಬೈಕನ್ನು ತಳ್ಳಿಕೊಂಡು ಹೋಗಿ ಬೀದಿಯ ಕೊನೆಯಲ್ಲಿ ನಿಲ್ಲಿಸಿ ನಡೆದು ಬಂದೆ. ಏಕೆ ಬರುತ್ತಿಲ್ಲ ಎಂದು ನಾವು ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರೇ ಹೇಳಿದರು. ಆರಾಧನೆಯ ಕೊನೆಯಲ್ಲಿ ಪ್ರಾರ್ಥನಾ ವಿನಂತಿಗಳನ್ನು ಓದುವಾಗ ಅವರ ಹೆಸರನ್ನೂ ಮನೆಯ ತೊಂದರೆಯನ್ನೂ ಗಟ್ಟಿಯಾಗಿ ಓದಲಾಗಿತ್ತು, ಅದು ಅದೇ ವಾರ ಅವರ ಅಣ್ಣನ ಕಿವಿಗೆ ಬಿದ್ದಿತ್ತು, ಮನೆಯಲ್ಲಿ ಆಸ್ತಿಯ ಮಾತು ಎದ್ದಿತ್ತು. ಅವರಿಗೆ ನಂಬಿಕೆ ಕಡಿಮೆಯಾಗಿರಲಿಲ್ಲ. ಸಭೆಯಲ್ಲಿ ಆಡಿದ ಮಾತು ಹೊರಗೆ ಹೋಗದು ಎಂಬ ಭರವಸೆ ಕಡಿಮೆಯಾಗಿತ್ತು. ಅಂದಿನಿಂದ ನಮ್ಮಲ್ಲಿ ವಿನಂತಿಗಳನ್ನು ಹೆಸರಿಲ್ಲದೆ ಓದುತ್ತಾರೆ; ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆರಾಧನೆಯ ಫೋಟೊ ಹಾಕುವಂತಿಲ್ಲ. ಬರುವುದನ್ನು ಬಿಟ್ಟವರೆಲ್ಲರ ಕಾರಣವೂ ಇದೇ ಎಂದು ನಾನು ಹೇಳುವುದಿಲ್ಲ. ಆದರೆ ಕಾರಣವನ್ನು ಅವರ ಬಾಯಿಂದ ಕೇಳುವ ಮೊದಲು ‘ಹಿಂಜರಿದವರು’ ಎಂಬ ಹೆಸರನ್ನು ಯಾರಿಗೂ ಇಡಬೇಡಿರಿ.

ಇನ್ನೊಂದು ವಿಷಯವನ್ನು ಕೆಲವರಿಗೆ ಇಷ್ಟವಾಗದಿದ್ದರೂ ಬರೆಯುತ್ತೇನೆ. ನಮಗೆ ಬರುವ ತೊಂದರೆಯೆಲ್ಲ ಕ್ರಿಸ್ತನ ನಿಮಿತ್ತವಾಗಿಯೇ ಬಂದದ್ದು ಎಂದು ತಿಳಿಯಬಾರದು. ಪೇತ್ರನು ತನ್ನ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ ಕ್ರೈಸ್ತನಾಗಿ ಬಾಧೆಪಡುವವನು ನಾಚಿಕೆಪಡಬೇಕಾಗಿಲ್ಲ ಎಂದು ಹೇಳುವ ಮೊದಲು, ಕೊಲೆಗಾರ, ಕಳ್ಳ ಎಂಬವರ ಸಾಲಿನಲ್ಲಿಯೇ ಪರರ ಕಾರ್ಯಗಳಲ್ಲಿ ತಲೆಹಾಕುವವನನ್ನೂ ಸೇರಿಸುತ್ತಾನೆ. ಧ್ವನಿವರ್ಧಕದ ಶಬ್ದ, ಅಡ್ಡಾದಿಡ್ಡಿಯಾಗಿ ನಿಲ್ಲಿಸಿದ ವಾಹನಗಳು, ಬೇರೆಯವರ ನಂಬಿಕೆಯನ್ನು ಹೀಯಾಳಿಸುವ ಮಾತು ಇವುಗಳಿಂದ ಬಂದ ವಿರೋಧವಿದ್ದರೆ ಅದನ್ನು ನಾವೇ ಸರಿಪಡಿಸಬೇಕು. ಅಷ್ಟನ್ನು ಸರಿಪಡಿಸಿದ ಮೇಲೆ ಉಳಿಯುವ ವಿರೋಧವನ್ನು ಸಮಾಧಾನದಿಂದ ಹೊರುವುದು ಎಷ್ಟೋ ಸುಲಭ, ಏಕೆಂದರೆ ಆಗ ಸಭೆಯೊಳಗೆ ಒಬ್ಬರನ್ನೊಬ್ಬರು ದೂರುವುದಕ್ಕೆ ಕಾರಣ ಉಳಿಯುವುದಿಲ್ಲ.

ಸಭಾ ಇತಿಹಾಸ ಕಲಿಸುವವರು

ನೀವು ಹೇಳಿದ ಮೂರು ಕುಟುಂಬಗಳ ವಿಷಯವನ್ನು ಓದಿದಾಗ ನನಗೆ ನೆನಪಾದದ್ದು 3ನೆಯ ಶತಮಾನದ ಉತ್ತರ ಆಫ್ರಿಕ. ಕ್ರಿ.ಶ. 250ರ ಸುಮಾರಿಗೆ ರೋಮ್ ಚಕ್ರವರ್ತಿ ಡೇಸಿಯಸನು, ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದನು. ಅಂಥ ಪತ್ರಗಳು ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಇಂದಿಗೂ ಉಳಿದಿವೆ. ಕ್ರೈಸ್ತರಲ್ಲಿ ಕೆಲವರು ಬಲಿ ಅರ್ಪಿಸಿದರು, ಕೆಲವರು ಬಲಿ ಅರ್ಪಿಸದೆ ಹಣ ಕೊಟ್ಟು ಪತ್ರವನ್ನು ಮಾತ್ರ ಪಡೆದರು, ಕೆಲವರು ಸೆರೆಗೆ ಹೋದರು. ಅಲ್ಲಿನ ಕಾರ್ಥೇಜ್ ಪಟ್ಟಣದ ಬಿಷಪ್ ಸಿಪ್ರಿಯನ್ ಅಡಗಿದ್ದುಕೊಂಡು ಪತ್ರಗಳ ಮೂಲಕ ಸಭೆಯನ್ನು ನಡೆಸಿದರು, ಅದಕ್ಕಾಗಿ ಸಾಕಷ್ಟು ಟೀಕೆಯನ್ನೂ ಎದುರಿಸಿದರು. ನಿಮ್ಮ ಸಭೆಯಲ್ಲಿರುವ ಎಲ್ಲ ಬಗೆಯ ಜನರೂ ಅಲ್ಲಿದ್ದರು.

ಹಿಂಸೆ ತಗ್ಗಿದಾಗ ನಿಜವಾದ ಸಂಕಟ ಶುರುವಾಯಿತು. ಬಿದ್ದವರನ್ನು, ಅಂದರೆ ಬಲಿ ಅರ್ಪಿಸಿದವರನ್ನೂ ಪತ್ರ ಪಡೆದವರನ್ನೂ, ಕೂಡಲೇ ಸೇರಿಸಿಕೊಳ್ಳಿ ಎಂದು ಒಂದು ಪಕ್ಷ ಒತ್ತಾಯಿಸಿತು; ಎಂದಿಗೂ ಸೇರಿಸಬಾರದು ಎಂದ ನೊವೇಷಿಯನ್ ಎಂಬ ಸಭಾ ಹಿರಿಯರು ರೋಮಿನಲ್ಲಿ ಬೇರೆ ಸಭೆಯನ್ನೇ ಕಟ್ಟಿದರು. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರು ಎರಡನ್ನೂ ಒಪ್ಪದೆ, ಒಬ್ಬೊಬ್ಬರ ಸಂಗತಿಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು, ಪತ್ರ ಪಡೆದವರನ್ನೂ ಬಲಿ ಅರ್ಪಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ತೀರ್ಮಾನಿಸಿದರು. ಮುಂದೆ ಮತ್ತೊಂದು ಹಿಂಸೆ ಬರಲಿದೆ ಎಂಬ ಸೂಚನೆ ಕಂಡಾಗ ಅವರು ಮಾಡಿದ್ದು ನನಗೆ ಯಾವಾಗಲೂ ಆಶ್ಚರ್ಯ ತರುತ್ತದೆ: ಬಾಗಿಲನ್ನು ಬಿಗಿ ಮಾಡುವುದಕ್ಕೆ ಬದಲಾಗಿ, ಪಶ್ಚಾತ್ತಾಪದಲ್ಲಿ ನಿಂತಿದ್ದ ಎಲ್ಲರನ್ನೂ ಕರ್ತನ ಭೋಜನಕ್ಕೆ ಸೇರಿಸಿಕೊಂಡರು. ಹೋರಾಟಕ್ಕೆ ಹೋಗಬೇಕಾದವರನ್ನು ಸಭೆ ನಿರಾಯುಧರಾಗಿ ಕಳುಹಿಸಬಾರದು ಎಂಬುದು ಅವರ ವಾದ. ಸಿಪ್ರಿಯನ್ ಸ್ವತಃ 258ರಲ್ಲಿ ಶಿರಚ್ಛೇದಕ್ಕೆ ಒಳಗಾದರು. ಮೊದಲ ಸಲ ಅಡಗಿಕೊಂಡವರು ಎರಡನೆಯ ಸಲ ನಿಂತರು ಎಂಬುದನ್ನು ಗಮನಿಸಿರಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ನಾಡಿನದು. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನನ ಆಜ್ಞೆಯಂತೆ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರು ಯಾರು, ಅಂಥವರ ಕೈಯಿಂದ ಅಭಿಷೇಕ ಹೊಂದಿದವರನ್ನು ಒಪ್ಪಬಹುದೇ ಎಂಬ ವಿವಾದದಿಂದ ಹುಟ್ಟಿದ ಡೊನಾಟಿಸ್ಟ್ ಒಡಕು, 313ರಲ್ಲಿ ಕ್ರೈಸ್ತರಿಗೆ ಸ್ವಾತಂತ್ರ್ಯ ದೊರೆತ ಮೇಲೆಯೂ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಆಫ್ರಿಕದ ಸಭೆಯನ್ನು ಎರಡಾಗಿಯೇ ಇಟ್ಟಿತು. ಹಿಂಸೆ ಕೊಟ್ಟವರು ಹೋದರು, ಅವರು ಎಬ್ಬಿಸಿದ ಅನುಮಾನ ಹೋಗಲಿಲ್ಲ. ಆದುದರಿಂದ ನನ್ನ ಸಲಹೆ ಒಂದೇ. ಬಿಟ್ಟುಹೋದವರು ಮರಳಿ ಬಂದರೆ ಹೇಗೆ ಸ್ವೀಕರಿಸಬೇಕು ಎಂಬುದನ್ನು ಈಗಲೇ, ಯಾರೂ ಬಾಗಿಲಲ್ಲಿ ನಿಂತಿಲ್ಲದ ಹೊತ್ತಿನಲ್ಲಿ, ಹಿರಿಯರು ಕುಳಿತು ಮಾತಾಡಿ ಒಪ್ಪಂದಕ್ಕೆ ಬನ್ನಿರಿ. ವ್ಯಕ್ತಿ ಎದುರಿಗಿರುವಾಗ ಎತ್ತಿದ ಪ್ರಶ್ನೆಗೆ ಯಾರೂ ನಿಷ್ಪಕ್ಷವಾಗಿ ಉತ್ತರಿಸಲಾರರು.

ಮನೆಯವರ ವಿರೋಧದಲ್ಲಿ ಬದುಕಿದ ಸಹೋದರಿ

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನಾನು ನಂಬಿಕೆಗೆ ಬಂದಾಗ ನಮ್ಮ ಮನೆಯಲ್ಲಿ ಬೇರೆ ಯಾರೂ ವಿಶ್ವಾಸಿಗಳಿರಲಿಲ್ಲ. ಸಭೆಗೆ ಹೋಗುವುದನ್ನು ತಡೆದರು, ಬೈಬಲನ್ನು ತೆಗೆದಿಟ್ಟರು. ಆ ಕಾಲದಲ್ಲಿ ಸಭೆಯ ಒಬ್ಬ ಅಕ್ಕ ಪ್ರತಿ ವಾರ ಫೋನ್ ಮಾಡಿ ಒಂದು ಕೀರ್ತನೆಯನ್ನು ನಿಧಾನವಾಗಿ ಓದುತ್ತಿದ್ದರು. ಮನೆಯವರು ಎದುರಿಗೇ ಕುಳಿತಿರುತ್ತಿದ್ದರಿಂದ ನಾನು ತರಕಾರಿ ಹೆಚ್ಚುತ್ತಾ ಬರಿಯ “ಹೂಂ, ಹೂಂ” ಎನ್ನುತ್ತಿದ್ದೆ. ಆಮೆನ್ ಎನ್ನಬೇಕಾದಲ್ಲಿಯೂ “ಆಯ್ತಕ್ಕ” ಎಂದೇ ಮುಗಿಸುತ್ತಿದ್ದೆ. ಯಾವಾಗ ಬರುತ್ತೀ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಬರಲಾಗದವಳನ್ನು ಸಭೆ ತನ್ನವಳೆಂದೇ ಎಣಿಸಿದ್ದರಿಂದ, ದಾರಿ ತೆರೆದಾಗ ಹೊಸದಾಗಿ ಸೇರಿಕೊಳ್ಳುವ ಸಂಕೋಚ ನನಗಿರಲಿಲ್ಲ. ಸೆರೆಯಲ್ಲಿರುವವರನ್ನು ಅವರ ಸಂಗಡ ನೀವೂ ಸೆರೆಯಲ್ಲಿದ್ದೀರೋ ಎಂಬಂತೆ ನೆನೆಯಿರಿ ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದಲ್ಲ, ಮನೆಯೊಳಗೆ ಕಟ್ಟಿಹಾಕಲ್ಪಟ್ಟವರಿಗೂ ಅದು ಸಲ್ಲುತ್ತದೆ.

ಮನೆಯವರೊಡನೆ ವಾದಿಸಿ ನಾನು ಏನನ್ನೂ ಗೆಲ್ಲಲಿಲ್ಲ. ಅತ್ತೆಯವರು ಹಾಸಿಗೆ ಹಿಡಿದಾಗ ಅವರನ್ನು ನೋಡಿಕೊಂಡ ಮೇಲೆ ಮಾತಿನ ಕಾಠಿಣ್ಯ ಸ್ವಲ್ಪ ಸಡಿಲಿತು, ಅಷ್ಟೇ. ಅವರು ನಂಬಿಕೆಗೆ ಬರಲಿಲ್ಲ. ಇನ್ನು, ತಾಳ್ಮೆಯ ಹೆಸರಿನಲ್ಲಿ ಸಭೆಗಳು ಕೊಡುವ ಒಂದು ಬುದ್ಧಿವಾದವನ್ನು ನಾನು ಒಪ್ಪುವುದಿಲ್ಲ. ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ, ಸಹಿಸಿಕೊಂಡಿರಮ್ಮ ಎಂದು ಹೇಳಿ ಕಳುಹಿಸಬೇಡಿರಿ. ಒಂದೂರಿನಲ್ಲಿ ಹಿಂಸಿಸಿದರೆ ಮತ್ತೊಂದೂರಿಗೆ ಓಡಿಹೋಗಿರಿ ಎಂದು ಶಿಷ್ಯರಿಗೆ ಹೇಳಿದವರು ಯೇಸುವೇ. ಅವಳು ಬಂದು ಉಳಿಯುವುದಕ್ಕೆ ಯಾರ ಮನೆಯಲ್ಲಿ ಸ್ಥಳವಿದೆ ಎಂಬುದು ಸಭೆಗೆ ಮೊದಲೇ ಗೊತ್ತಿರಬೇಕು.

ಇನ್ನೊಬ್ಬ ಸಹೋದರರು

ಸಂಕ್ಷಿಪ್ತವಾಗಿ ಎರಡು ವಿಷಯ. ಕಾನೂನಿನ ನೆರವು ಕೇಳುವುದು ಅಪನಂಬಿಕೆ ಎಂದು ನಮ್ಮಲ್ಲಿ ಕೆಲವರು ವಾದಿಸಿದ್ದರು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಪೆಟ್ಟು ತಿಂದ ಪೌಲನು ಮರುದಿನ ಗುಟ್ಟಾಗಿ ಹೊರಟುಹೋಗಲು ಒಪ್ಪದೆ, ತಾನು ರೋಮ್ ಪೌರತ್ವದ ಹಕ್ಕುಳ್ಳವನೆಂದು ತಿಳಿಸಿ ಅಧಿಕಾರಿಗಳೇ ಬಂದು ಬಿಡಿಸಲಿ ಎಂದನು. ಅವನ ಮೂಲಕ ನಂಬಿಕೆಗೆ ಬಂದು, ಅವನು ಹೊರಟ ಮೇಲೆ ಅಲ್ಲಿಯೇ ಉಳಿಯಬೇಕಾಗಿದ್ದ ಲುದ್ಯಳಿಗೂ ಸೆರೆಯ ಯಜಮಾನನಿಗೂ ಅದರಿಂದ ಎಷ್ಟು ರಕ್ಷಣೆ ದೊರೆತಿರಬಹುದೆಂದು ಯೋಚಿಸಿರಿ. ನಡೆದದ್ದನ್ನು ದಿನಾಂಕದೊಂದಿಗೆ, ಉತ್ಪ್ರೇಕ್ಷೆಯಿಲ್ಲದೆ ಬರೆದಿಡಿ. ಅಧಿಕಾರಿಗಳೊಡನೆ ಮಾತಾಡುವುದಕ್ಕೆ ಇಬ್ಬರನ್ನು ಮಾತ್ರ ನೇಮಿಸಿ.

ಎರಡನೆಯದು, ಬೇರೆ ಪಂಗಡದವರ ಬಾಗಿಲು ತಟ್ಟುವುದಕ್ಕೆ ನಾಚಬೇಡಿರಿ. ನಮಗೆ ಕಟ್ಟಡ ತಪ್ಪಿದಾಗ ಮಧ್ಯಾಹ್ನದ ಹೊತ್ತು ತಮ್ಮ ದೇವಾಲಯವನ್ನು ಬಿಟ್ಟುಕೊಟ್ಟವರು, ದೀಕ್ಷಾಸ್ನಾನದ ವಿಷಯದಲ್ಲಿ ನಾವು ವರ್ಷಗಟ್ಟಲೆ ಟೀಕಿಸಿದ್ದ ಸಭೆಯವರು. ಆ ವಿಷಯದಲ್ಲಿ ನಮ್ಮ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ, ಅವರದೂ ಬದಲಾಗಿಲ್ಲ. ಹಿಟ್ಲರನ ಆಡಳಿತ ಸಭೆಗಳ ಮೇಲೆ ಹಿಡಿತ ಸಾಧಿಸಲು ಹೊರಟಿದ್ದ ಕಾಲದಲ್ಲಿ, 1934ರ ಮೇ ತಿಂಗಳಲ್ಲಿ, ಜರ್ಮನಿಯ ಬಾರ್ಮೆನ್‌ನಲ್ಲಿ ಲೂಥೆರನ್, ರಿಫಾರ್ಮ್ಡ್ ಮತ್ತು ಯುನೈಟೆಡ್ ಎಂಬ ಬೇರೆಬೇರೆ ಪ್ರೊಟೆಸ್ಟಂಟ್ ಪಂಗಡಗಳ ಸಭೆಗಳವರು ತಮ್ಮ ಭೇದಗಳನ್ನು ಇಟ್ಟುಕೊಂಡೇ, ಸಭೆಗೆ ಕ್ರಿಸ್ತನೊಬ್ಬನೇ ಒಡೆಯನೆಂದು ಒಟ್ಟಾಗಿ ಸಾರಿದರು. ಎಲ್ಲದರಲ್ಲಿಯೂ ಒಪ್ಪುವ ತನಕ ಕಾಯುತ್ತಾ ಕುಳಿತಿದ್ದರೆ ಆ ಮಾತು ಹೊರಬರುತ್ತಿರಲಿಲ್ಲ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೂರು ಕುಟುಂಬಗಳಲ್ಲಿ ಒಂದನ್ನು ಈ ವಾರ ಇಬ್ಬರು ಹಿರಿಯರು ಕಂಡು ಬರಲಿದ್ದಾರೆ. ಕೂಡಿಬರುವುದನ್ನು ನಿಲ್ಲಿಸದೆ, ಸದ್ಯಕ್ಕೆ ನಾಲ್ಕು ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಸೇರುವುದಕ್ಕೆ ಎರಡೂ ಕಡೆಯವರು ಒಪ್ಪಿದ್ದಾರೆ. ಒಂದು ಪ್ರಶ್ನೆ ಉಳಿದಿದೆ: ಇದನ್ನೆಲ್ಲ ಮಕ್ಕಳಿಗೆ ಎಷ್ಟು ತಿಳಿಸಬೇಕು?

ಮನೆಯವರ ವಿರೋಧದಲ್ಲಿ ಬದುಕಿದ ಸಹೋದರಿ

ಅವರು ಈಗಾಗಲೇ ಕಂಡಿರುವಷ್ಟನ್ನು ಮುಚ್ಚಿಡದೆ ತಿಳಿಸಿರಿ, ಕಾಣದಿರುವುದನ್ನು ಊಹಿಸಿ ಹೆದರಿಸಬೇಡಿರಿ. ವಿರೋಧಿಸುವವರ ಹೆಸರನ್ನು ಊಟದ ಹೊತ್ತಿನಲ್ಲಿ ಕೋಪದಿಂದ ಆಡಬೇಡಿರಿ, ಆ ಮನೆಗಳ ಮಕ್ಕಳೊಡನೆಯೇ ನಿಮ್ಮ ಮಕ್ಕಳು ಶಾಲೆಯಲ್ಲಿ ಕುಳಿತುಕೊಳ್ಳಬೇಕಾಗಿದೆ. ಮಲಗುವ ಮುಂಚೆ ಪ್ರಾರ್ಥಿಸುವಾಗ ಅವರಿಗಾಗಿಯೂ ಪ್ರಾರ್ಥಿಸಿರಿ. ನಮ್ಮ ಚಿಕ್ಕವನು, ಅವರು ಒಳ್ಳೆಯವರಲ್ಲವಲ್ಲ, ಮತ್ತೆ ಏಕೆ ಎಂದು ಕೇಳಿದ್ದ. ಅಂಥ ಪ್ರಶ್ನೆ ಬಂದರೆ ಪಾಠ ಹೇಳುವ ಆತುರ ಮಾಡದೆ, ಅವನಿಗೆ ಹಾಗೆ ಏಕೆ ಅನ್ನಿಸಿತು ಎಂದು ಮೊದಲು ಕೇಳಿರಿ.