‘ಇಪ್ಪತ್ತಾರು ಒಂದೂವರೆ’ ಅಂದ್ರೆ ಯಾವ ಟೈರು?

ಗೆಳೆಯರೇ,

ಸೈಕಲ್ ಅಂಗಡಿಯ ಮಾತಿನ ಬಗ್ಗೆ ಒಂದು ಪ್ರಶ್ನೆ. 1½ ಅಂತ ಬರೆದಿದ್ದರೂ 1.50 ಅಂತ ಬರೆದಿದ್ದರೂ ನಾವು ಓದುವುದು ‘ಒಂದೂವರೆ’ ಅಂತಲೇ. ಲೆಕ್ಕದ ಮೇಷ್ಟ್ರು ಇದನ್ನು ಒಪ್ಪುತ್ತಾರೆ. ಟೈರು ಒಪ್ಪುವುದಿಲ್ಲ. ಬಾಯಲ್ಲಿ ಹೇಳುವಾಗ ಇವೆರಡನ್ನು ಬೇರೆ ಮಾಡುವ ರೂಢಿ ನಿಮ್ಮ ಕಡೆ ಏನಾದರೂ ಇದೆಯೇ?

ಪ್ರಶ್ನೆ ಹುಟ್ಟಿದ್ದು ನಮ್ಮ ಅತ್ತೆಯ ಹಳೇ ಲೇಡೀಸ್ ಸೈಕಲ್‌ನಿಂದ. ಹಿಂದಿನ ಟೈರು ಬಿರುಕು ಬಿಟ್ಟು ಒಳಗಿನ ನೂಲು ಕಾಣಿಸುತ್ತಿತ್ತು. ಪಕ್ಕದಲ್ಲಿದ್ದ ಉಬ್ಬಕ್ಷರ ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿದರೆ ‘26 × 1½’ ಬೆಳ್ಳಗೆ ಎದ್ದು ಬಂತು. ನಮ್ಮೂರಲ್ಲಿ ಆ ಅಳತೆ ಸಿಗಲಿಲ್ಲ. ಪೇಟೆಯ ದೊಡ್ಡ ಅಂಗಡಿಯೊಂದಕ್ಕೆ ಫೋನ್ ಮಾಡಿ ‘ಇಪ್ಪತ್ತಾರು ಒಂದೂವರೆ’ ಅಂತ ಹೇಳಿ ತರಿಸಿಕೊಂಡೆವು. ಬಂದದ್ದು 26 × 1.50. ಟೈರ್ ಲಿವರ್ ಹಾಕಿ ಎಷ್ಟು ಮೀಟಿದರೂ ರಿಮ್ಮಿಗೆ ಏರಲಿಲ್ಲ. ಅಂಗಡಿಯವರನ್ನು ಬೈಯೋಣ ಅಂದರೆ ಅವರು ಕೊಟ್ಟದ್ದೂ ಇಪ್ಪತ್ತಾರು ಒಂದೂವರೆಯೇ ಅಲ್ವಾ!

ಈ ಗೋಜಲು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪ್ರಶ್ನೆ ಸುಮ್ನೆ ಕೂದಲು ಸೀಳಿದ ಹಾಗೆ ಕಾಣುತ್ತದೆ.

‘26’ ಅನ್ನುವುದು ಮೊದಲಿಗೆ ಗಾಳಿ ತುಂಬಿದ ಟೈರಿನ ಹೊರಗಿನ ಅಡ್ಡಳತೆ. ಹೊರಗೆ 26 ಇಂಚೇ ಬರಬೇಕು, ಆದರೆ ತೆಳ್ಳಗಿನ ಟೈರೂ ಬೇಕು, ದಪ್ಪದ್ದೂ ಬೇಕು ಅಂದರೆ ರಿಮ್ಮನ್ನೇ ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು. ಹಾಗಾಗಿ ಬ್ರಿಟಿಷ್ ಅಳತೆಯಲ್ಲಿ 26 × 1¼ ಟೈರು ಕೂರುವುದು 597 ಮಿ.ಮೀ. ಅಡ್ಡಳತೆಯ ರಿಮ್ಮಿನ ಮೇಲೆ. 26 × 1⅜ಕ್ಕೆ 590 ಬೇಕು. 26 × 1½ಕ್ಕೆ 584. ಲೆಕ್ಕ ಹಾಕಿ ನೋಡಿ: 584ಕ್ಕೆ ಎರಡೂ ಕಡೆ 38ರಂತೆ ಸೇರಿಸಿದರೆ 660, ಹೆಚ್ಚುಕಮ್ಮಿ 26 ಇಂಚು. 590ಕ್ಕೆ ಎರಡು ಸಲ 35 ಸೇರಿಸಿ, ಅದೂ 660.

ದಶಾಂಶದಲ್ಲಿ ಬರೆಯುವ 26 ಬೇರೆಯದೇ ವಂಶ. ಅಮೆರಿಕದಲ್ಲಿ 1933ರಲ್ಲಿ ಶ್ವಿನ್ ಕಂಪನಿ 26 × 2.125ರ ದಪ್ಪ ಬಲೂನ್ ಟೈರು ತಂದಿತು. ಅದರ ರಿಮ್ಮು 559. ಮುಂದೆ ಮೌಂಟೇನ್ ಬೈಕ್‌ಗಳು ಹಿಡಿದದ್ದೂ ಇದೇ ರಿಮ್ಮನ್ನು. ಅದೇ ರಿಮ್ಮಿಗೆ ತೆಳ್ಳಗಿನ ಟೈರು ಬಂದಾಗಲೂ ಹೆಸರು 26 ಅಂತಲೇ ಉಳಿಯಿತು. 26 × 1.50 ಟೈರನ್ನು ಹೊರಗಿನಿಂದ ಅಳೆದರೆ ಸರಿಸುಮಾರು 25 ಇಂಚು. ಹೆಸರಿಗೆ ಮಾತ್ರ 26.

ಅಂದರೆ ನಮ್ಮ ಎರಡು ‘ಒಂದೂವರೆ’ಗಳ ನಡುವೆ 25 ಮಿ.ಮೀ. ವ್ಯತ್ಯಾಸ. ‘ಒಂದೂ ಮುಕ್ಕಾಲು’ ಕಥೆಯೂ ಇದೇ. 26 × 1.75 ಟೈರು 559ರ ರಿಮ್ಮಿಗೆ, ಶ್ವಿನ್‌ನವರದೇ 26 × 1¾ ಟೈರು 571ರ ರಿಮ್ಮಿಗೆ. ಭಿನ್ನರಾಶಿಯಲ್ಲಿ ಬರೆದದ್ದೂ ದಶಾಂಶದಲ್ಲಿ ಬರೆದದ್ದೂ ಬೆಲೆಯಲ್ಲಿ ಸಮ ಇದ್ದರೆ ಆ ಎರಡು ಟೈರು ಒಂದರ ಬದಲು ಒಂದು ಕೂರುವುದಿಲ್ಲ ಅನ್ನುವುದು ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಪ್ರಚಾರ ಮಾಡಿದ ಸೂತ್ರ. ಕಾಗದದ ಮೇಲೆ ಸೊಗಸಾದ ಸೂತ್ರ. ಕನ್ನಡದ ಬಾಯಿಗೆ ಬಂದ ಕೂಡಲೇ ಬಿದ್ದುಹೋಗುತ್ತದೆ, ಯಾಕೆಂದರೆ ಕಾಲು, ಅರೆ, ಮುಕ್ಕಾಲು ನಮಗೆ ಅಷ್ಟು ಸಲೀಸು. ‘ಒಂದು ಪಾಯಿಂಟ್ ಐದು’ ಅಂತ ಯಾರು ಹೇಳುತ್ತಾರೆ?

ತಮಾಷೆ ಅಂದರೆ 1⅜ ಈ ತೊಂದರೆಯಿಂದ ಪಾರಾಗಿದೆ. ಎಂಟನೇ ಒಂದು ಭಾಗಕ್ಕೆ ‘ಅರೆಕಾಲು’ ಅನ್ನುವ ಒಳ್ಳೆಯ ಮಾತಿದೆ, ಆದರೆ ಅಂಗಡಿಯಲ್ಲಿ ಯಾರೂ ಬಳಸುವುದಿಲ್ಲ. ‘ಒನ್ ತ್ರೀ ಬೈ ಎಯ್ಟ್’ ಅಂತಾರೆ. ಇಂಗ್ಲಿಷಿನಲ್ಲೇ ಉಳಿದದ್ದರಿಂದ ಸರಿಯಾದ ಟೈರೇ ಬರುತ್ತದೆ!

ಎರಡನೆಯ ಪ್ರಶ್ನೆ ಪದದ್ದು. ಈ 584, 559 ಎಲ್ಲ ಟೈರಿನ ಅಂಚಿನೊಳಗಿನ ತಂತಿ ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ. ಈಗಿನ ಟೈರುಗಳ ಮೇಲೆ ‘40-584’ ಅಂತ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಈ ಅಳತೆ. ಇದನ್ನು ನೋಡಿ ಕೊಂಡರೆ ಇಂಚಿನ ತಂಟೆಯೇ ಇಲ್ಲ. ಇದಕ್ಕೆ ಕನ್ನಡದಲ್ಲಿ ಚಿಕ್ಕ ಹೆಸರು ಬೇಕು. ನಾನು ‘ಕೂರಳತೆ’ ಅಂತ ಹಾಕಿಕೊಂಡಿದ್ದೇನೆ. ‘ತಂತಿಯಳತೆ’ ಅನ್ನಬಹುದಿತ್ತು, ಆದರೆ ತಂತಿಯ ದಪ್ಪ ಅಂತ ಯಾರಾದರೂ ತಿಳಿದುಕೊಂಡಾರು. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರರು ಮೊದಲು ಮರದ ಗಾಲಿಯ ಸುತ್ತಳತೆ ತೆಗೆಯುತ್ತಾರೆ, ಆಮೇಲೆ ಪಟ್ಟಿ ಕಾಯಿಸಿ ಬಿಗಿಯುತ್ತಾರೆ. ಪಟ್ಟಿ ಕೂರುವ ಆ ಅಳತೆಗೆ ಅವರ ಮಾತಿನಲ್ಲಿ ಹೆಸರಿದ್ದರೆ ಅದನ್ನೇ ತರಬಹುದು, ‘ಕೂರಳತೆ’ಯನ್ನು ಬಿಟ್ಟುಕೊಡಲು ನನಗೇನೂ ಬೇಜಾರಿಲ್ಲ.

ಟೈರಿನ ಮೇಲೆ ಏನೂ ಓದಲಾಗದಿದ್ದರೆ ರಿಮ್ಮನ್ನೇ ಅಳೆಯಬೇಕು. ಟೈರು ಬಿಚ್ಚಿ, ತಂತಿ ಕೂರುವ ಜಾಗದ ಸುತ್ತ ತೆಳ್ಳಗಿನ ಟೇಪು ಸುತ್ತಿ, ಬಂದದ್ದನ್ನು 3.14ರಿಂದ ಭಾಗಿಸಿ. ನೇರ ಅಡ್ಡಳತೆ ಹಿಡಿಯುವುದಕ್ಕಿಂತ ಇದು ವಾಸಿ. ಸುತ್ತಳತೆಯಲ್ಲಿ 584 ಮತ್ತು 559ರ ನಡುವಿನ ವ್ಯತ್ಯಾಸ ಸುಮಾರು 78 ಮಿ.ಮೀ. ಆಗುತ್ತದೆ, ಕೈತಪ್ಪಿದರೂ ಗೊತ್ತಾಗುತ್ತದೆ. ಸಣ್ಣ ವ್ಯತ್ಯಾಸವೇ ಜಾಸ್ತಿ ಅಪಾಯ. 27 ಇಂಚಿನ ಟೈರು (630) 700ಸಿ ರಿಮ್ಮಿಗೆ (622) ಸುಲಭವಾಗಿ ಏರುತ್ತದೆ, ಗಾಳಿ ಹೊಡೆದಾಗ ಅಂಚು ಹಾರಿ ಟ್ಯೂಬು ಢಮಾರ್. ಅಂದಹಾಗೆ ಈ 622ಕ್ಕೆ 28 ಇಂಚು ಅಂತಲೂ 29 ಇಂಚು ಅಂತಲೂ ಹೆಸರುಂಟು. ನಮ್ಮ ಹಾಲಿನವರ ಕರೀ ಸೈಕಲ್ಲಿನ 28 × 1½ ಆದರೋ 635. ಅದೇ ಸೈಕಲ್ಲನ್ನು ‘22 ಇಂಚ್ ಸೈಕಲ್’ ಅಂತಲೂ ಕರೆಯುತ್ತೇವೆ, ಆ 22 ಫ್ರೇಮಿನ ಅಳತೆ. ಸಂಖ್ಯೆಗಳ ಜಾತ್ರೆ.

ಅತ್ತೆಯ ಸೈಕಲ್‌ಗೆ ಕೊನೆಗೆ 40-584 ಸಿಕ್ಕಿತು. ಇದೇ ತಾಪತ್ರಯದಲ್ಲಿ ಇರುವವರಿಗೆ ಒಂದು ಮಾತು: ಈಗಿನ ಮೌಂಟೇನ್ ಬೈಕ್‌ಗಳ ‘27.5’, ಫ್ರೆಂಚರ ‘650ಬಿ’ ಎರಡೂ ಇದೇ 584. ಹಳೇ 26ರ ರಿಮ್ಮಿಗೆ ಹೊಸ 27.5 ಸರಿಯಾಗಿ ಕೂರುತ್ತದೆ, ನಂಬಲು ಕಷ್ಟ ಆದರೂ. ಆದರೆ 27.5ರಲ್ಲಿ ಬರುವ ಬಹುಪಾಲು ಟೈರು 2 ಇಂಚಿನ ಆಸುಪಾಸು ದಪ್ಪ, ಮಡ್‌ಗಾರ್ಡಿಗೆ ಉಜ್ಜುತ್ತದೆ. 38 ಅಥವಾ 40 ಅಗಲದ್ದನ್ನೇ ಕೇಳಿ.

ಹಾಗಾದರೆ 1.50 ಟೈರನ್ನು ನಿಮ್ಮೂರಿನ ಅಂಗಡಿಯಲ್ಲಿ ಏನಂತಾರೆ? ‘ಪಾಯಿಂಟ್ ಟೈರು’, ‘ರೇಂಜರ್ ಟೈರು’, ಏನೇ ಇರಲಿ, ಕೇಳಿ ಬರೆಯಿರಿ. ನಿಘಂಟಿನ ಪದವೇ ಆಗಬೇಕಿಲ್ಲ.